ಹೊಸ ಮನೆ, ಮೊದಲ ಕ್ರಿಸ್‌ಮಸ್ ಮತ್ತು ಮಿರಜದ ದವಾಖಾನೆ

ಕಳೆದ ಡಿಸೆಂಬರಿನ ಮೊದಲ ವಾರದಲ್ಲಿ ಪಾಲಬಾವಿಯ ನಮ್ಮ ಓಣಿಗೆ ಹೊಸದಾಗಿ ಮದುವೆಯಾದ ಜೋಡಿಯೊಂದು ಬಾಡಿಗೆಗೆ ಬಂದಿತು. ಹುಡುಗ ಬ್ಯಾಂಕಿನ ನೌಕರ. ಹುಡುಗಿ ನರ್ಸಿಂಗ್ ಓದಿದವಳು. ಇಬ್ಬರೂ ಮಂಗಳೂರಿನ ಕಡೆಯವರು. ಒಂದು ಸಣ್ಣ ಟೆಂಪೋದಲ್ಲಿ ಮಂಚ, ಗ್ಯಾಸಿನ ಒಲೆ, ನಾಲ್ಕಾರು ಪಾತ್ರೆ, ಎರಡು ಪ್ಲಾಸ್ಟಿಕ್ ಕುರ್ಚಿ ಇಳಿದವು. ಎಲ್ಲಕ್ಕಿಂತ ಕೊನೆಗೆ ಹುಡುಗಿಯ ಕೈಯಲ್ಲಿ ಜೋಪಾನವಾಗಿ ಇಳಿದದ್ದು ಬಣ್ಣದ ಕಾಗದದ ಒಂದು ನಕ್ಷತ್ರ. ಮರುದಿನ ಸಂಜೆ ಅದರೊಳಗೆ ಬಲ್ಬು ಕೂಡಿಸಿ ಬಾಗಿಲ ಮುಂದೆ ತೂಗುಹಾಕಿದರು. ಓಣಿಯ ಮಕ್ಕಳು "ದೀಪಾವಳಿ ಮುಗದೈತಿ, ಇವರೇನು ಈಗ ಆಕಾಶಬುಟ್ಟಿ ಕಟ್ಟ್ಯಾರ?" ಎಂದು ಮಾತಾಡಿಕೊಂಡವು.

ಎರಡು ದಿನ ಕಳೆದ ಮೇಲೆ ಆ ಹುಡುಗಿ ಹಾಲು ಕೊಡುವವರ ಮನೆ ಯಾವುದೆಂದು ಕೇಳಲು ನಮ್ಮಲ್ಲಿಗೆ ಬಂದಳು. ಮಾತಿನ ನಡುವೆ, "ಈ ಕಡೆ ನಮ್ಮವರು ಯಾರೂ ಬಂದೇ ಇಲ್ಲವಾ ಸರ್? ನಾವೇ ಮೊದಲಿನವರಾ?" ಎಂದು ಕೇಳಿದಳು. ಅವಳ ದನಿಯಲ್ಲಿ ನಗುವಿತ್ತು. ಆದರೆ ಕಣ್ಣಿನಲ್ಲಿ ಬೇರೆಯದೇ ಇತ್ತು. ಮೂವತ್ತು ವರ್ಷ ಇತಿಹಾಸ ಕಲಿಸಿದವನಿಗೆ ಇಂಥ ಪ್ರಶ್ನೆ ಕೇಳಿದರೆ ಸುಮ್ಮನಿರುವುದು ಹೇಗೆ? "ಕುಂದ್ರವಾ, ನಿಮಗಿಂತ ಮೊದಲ ಇಂಥ ಒಂದು ಜೋಡಿ ಬಂದಿತ್ತು. ಪಾಲಬಾವಿಗಲ್ಲ, ಹೊಳಿಯಾಚೆ ಸಾಂಗಲಿಗೆ. ಅವರಿಂದ ನಮ್ಮ ಆಯಿಗೆ ಕಣ್ಣು ಬಂದುವು" ಎಂದೆ. ಅಂದು ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ವಿಲಿಯಂ ಜೇಮ್ಸ್ ವಾನ್ಲೆಸ್ ಹುಟ್ಟಿದ್ದು 1865ರಲ್ಲಿ, ಕೆನಡಾ ದೇಶದ ಒಂಟಾರಿಯೊ ಪ್ರಾಂತದಲ್ಲಿ. ನ್ಯೂಯಾರ್ಕಿನಲ್ಲಿ ವೈದ್ಯಶಾಸ್ತ್ರ ಓದಿ 1889ರಲ್ಲಿ ಪದವಿ ಪಡೆದನು. ಅಮೆರಿಕದ ಪ್ರೆಸ್ಬಿಟೇರಿಯನ್ ಸಭೆಯ ಮಿಶನ್ ಅದೇ ವರ್ಷ ಆತನನ್ನು ಸಾಂಗಲಿಗೆ ನೇಮಿಸಿತು. ಆಗ ಆತನಿಗೆ 24 ವರ್ಷ. ಜೊತೆಗೆ ಹೊರಟವಳು ಮಡದಿ ಮೇರಿ ಎಲಿಜಬೆತ್ ಮಾರ್ಶಲ್. ಮದುವೆ, ಪದವಿ, ನೌಕರಿ, ದೇಶಾಂತರ ಇವೆಲ್ಲ ಬದುಕಿನ ಒಂದೇ ತಿರುವಿನಲ್ಲಿ ಒಟ್ಟಿಗೆ ಬಂದುವು. ಹಡಗು ಹತ್ತಿ ಅಟ್ಲಾಂಟಿಕ್ ದಾಟಿ, ಸುಯೆಜ್ ಕಾಲುವೆಯ ಮಾರ್ಗವಾಗಿ ಮುಂಬಯಿಗೆ ಬರುವುದು ಆ ಕಾಲದಲ್ಲಿ ವಾರಗಟ್ಟಲೆಯ ಪ್ರಯಾಣ. ಇಂದಿನ ಹಾಗೆ ಸಂಜೆಗೊಮ್ಮೆ ತಾಯಿಗೆ ಫೋನು ಮಾಡುವ ಮಾತೆಲ್ಲಿ ಬಂತು? ಕಾಗದ ಬರೆದರೆ ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕು.

ಸಾಂಗಲಿ ಆಗ ಪಟವರ್ಧನ ಮನೆತನದ ಒಂದು ಸಂಸ್ಥಾನ. ನಮ್ಮ ಸೀಮೆಯ ಅಂದಿನ ನಕಾಶೆಯನ್ನು ಇಂದಿನ ವಿದ್ಯಾರ್ಥಿಗಳಿಗೆ ತೋರಿಸಿದರೆ ಕೌದಿಯನ್ನು ನೋಡಿದಂತೆ ನೋಡುತ್ತಾರೆ. ಚಿಕ್ಕೋಡಿ, ಅಥಣಿ ತಾಲೂಕುಗಳು ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿದ್ದವು, ರಾಯಬಾಗ ಕೊಲ್ಲಾಪುರದ ಛತ್ರಪತಿಗಳಿಗೆ ಸೇರಿತ್ತು, ಜಮಖಂಡಿ ತಾನೇ ಒಂದು ಸಂಸ್ಥಾನ, ತೇರದಾಳ ಸಾಂಗಲಿಯವರದು, ಮಿರಜ ಮತ್ತೊಂದು ಪಟವರ್ಧನ ಶಾಖೆಯದು. ಆದರೆ ಈ ತೇಪೆಗಳ ಕೆಳಗೆ ಕೃಷ್ಣೆ ಒಬ್ಬಳೇ ಹರಿಯುತ್ತಿದ್ದಳು. ಕನ್ನಡ ಮರಾಠಿ ಎರಡೂ ಒಂದೇ ಸಂತೆಯಲ್ಲಿ ವ್ಯಾಪಾರ ಮಾಡುತ್ತಿದ್ದವು. ಜ್ವರ, ವಾಂತಿಭೇದಿ, ಕಣ್ಣಿನ ಪೊರೆ, ಮೂತ್ರಕಲ್ಲು, ಹೆರಿಗೆಯ ಸಾವು ಇವು ಯಾವ ಸಂಸ್ಥಾನದ ಗಡಿಯನ್ನೂ ಕೇಳಿ ಬರುತ್ತಿರಲಿಲ್ಲ.

ಪಂಚಾಂಗದ ಒಂದು ಸಂಗತಿ ನನ್ನನ್ನು ಬಹಳ ಸೆಳೆದಿದೆ. 1889ರಲ್ಲಿ ಮಾರ್ಗಶಿರದ ಅಮಾವಾಸ್ಯೆ, ಅಂದರೆ ನಮ್ಮ ಎಳ್ಳಮಾಸಿ, ಡಿಸೆಂಬರ್ 22ರಂದು ಬಿದ್ದಿತ್ತು. ಕ್ರಿಸ್‌ಮಸ್ಸಿಗೆ ಮೂರೇ ದಿನ ಮೊದಲು. ಎಳ್ಳಮಾಸಿಯೆಂದರೆ ಕೃಷ್ಣಾತೀರದ ಹಿಂಗಾರಿ ಬಿಳಿಜೋಳ ತೆನೆಗೆ ಬಂದು ನಿಲ್ಲುವ ಕಾಲ. ಒಕ್ಕಲುಮಕ್ಕಳು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಗರ್ಭಿಣಿಯಾದ ಭೂಮಿತಾಯಿಗೆ ಚರಗ ಚೆಲ್ಲಿ, ಬದುವಿನಲ್ಲಿ ಕುಳಿತು ಉಣ್ಣುವ ದಿನ. ಒಂಟಾರಿಯೊದಲ್ಲಿ ಅದೇ ದಿನಗಳಲ್ಲಿ ಹೊಲಗಳ ಮೇಲೆ ಹಿಮ ಬಿದ್ದು ನೆಲವೇ ಕಾಣದು. ಡಿಸೆಂಬರೆಂದರೆ ಬಿಳಿಯ ನೆಲ, ಬೆಂಕಿಗೂಡಿನ ಮುಂದೆ ಕೂಡಿದ ಮನೆಮಂದಿ ಎಂದು ಬಾಲ್ಯದಿಂದ ಅರಿತವರಿಗೆ ಹಸಿರು ಜೋಳದ ನಡುವಿನ ಬೆಚ್ಚನೆಯ ಹಗಲುಗಳು ಹಬ್ಬದ ದಿನಗಳಂತೆ ಕಾಣುವುದಕ್ಕೆ ಎಷ್ಟು ವರ್ಷ ಬೇಕಾಗಿರಬೇಕು!

ನಮ್ಮ ಕಡೆ ಮದುವೆಯಾದವರು ಬೇರೆ ಮನೆ ಮಾಡಿದರೆ 'ಸಂಸಾರ ಹೂಡಿದರು' ಎನ್ನುತ್ತೇವೆ. ಕೂರಿಗೆ ಹೂಡುತ್ತೇವೆ, ಬಂಡಿ ಹೂಡುತ್ತೇವೆ, ಸಂಸಾರವನ್ನೂ ಹೂಡುತ್ತೇವೆ. ನೊಗಕ್ಕೆ ಎರಡು ಎತ್ತು ಬೇಕು ಎಂಬ ಅರ್ಥ ಆ ಮಾತಿನಲ್ಲೇ ಇದೆ. ವಾನ್ಲೆಸ್ ದಂಪತಿಗಳು ಸಾಂಗಲಿಯಲ್ಲಿ ಹೂಡಿದ ಸಂಸಾರ ಅಂಥದು. ಮೊದಲು ಮರಾಠಿ ಕಲಿಯಬೇಕು. ರೋಗಿ ತನ್ನ ನೋವನ್ನು ಯಾವ ಮಾತಿನಲ್ಲಿ ಹೇಳುತ್ತಾನೆಂಬುದನ್ನು ತಿಳಿಯದ ವೈದ್ಯನ ಕೈಯಲ್ಲಿ ಚಾಕು ಇದ್ದು ಪ್ರಯೋಜನವೇನು? ಜನರು ಬರಲು ಹಿಂಜರಿಯುತ್ತಿದ್ದ ಕಾಲವದು. ಪರದೇಶಿಯ ಕೈಯ ಔಷಧ ಕುಡಿದರೆ ಜಾತಿ ಕೆಡುತ್ತದೆಂಬ ಅಂಜಿಕೆ ಒಂದು ಕಡೆ, ಮತಾಂತರದ ಅಂಜಿಕೆ ಇನ್ನೊಂದು ಕಡೆ. ಈ ಎರಡನೆಯ ಅಂಜಿಕೆ ಆಧಾರವಿಲ್ಲದ್ದೆಂದು ನಾನು ಬರೆಯಲಾರೆ. ಮಿಶನ್ನು ಕ್ರಿಸ್ತನ ಮಾತನ್ನು ಸಾರುವುದಕ್ಕಾಗಿಯೇ ಸ್ಥಾಪಿತವಾದ ಸಂಸ್ಥೆ. ಅದನ್ನು ಅವರು ಮುಚ್ಚಿಟ್ಟವರೂ ಅಲ್ಲ. ಆದರೆ ನಮ್ಮ ಜನರೂ ಜಾಣರು. ಔಷಧವನ್ನು ತೆಗೆದುಕೊಂಡರು, ಉಪದೇಶವನ್ನು ಕೈಮುಗಿದು ಕೇಳಿದರು, ಗುಣವಾದ ಮೇಲೆ ಚಿಂಚಲಿ ಮಾಯಕ್ಕನಿಗೆ ಕಾಯಿ ಒಡೆಸಿದರು.

ಸಾಂಗಲಿಯಿಂದ ಕೆಲಸ ಮಿರಜಕ್ಕೆ ಬೆಳೆಯಿತು. ಅದನ್ನು ಸಾಗಿಸಿದ್ದು ರೈಲು. ಸದರ್ನ್ ಮರಾಠಾ ರೈಲ್ವೆಯ ಪುಣೆ, ಮಿರಜ, ಬೆಳಗಾವಿ, ಲೋಂಡಾ ಮಾರ್ಗ ಆ ಹೊತ್ತಿಗೆ ಸಿದ್ಧವಾಗುತ್ತಿತ್ತು. 1891ರಲ್ಲಿ ಕೊಲ್ಲಾಪುರದ ಕವಲು ಕೂಡಿ ಮಿರಜ ಜಂಕ್ಷನ್ ಆಯಿತು. ರೋಗಿಗಳನ್ನು ತರುವುದಕ್ಕೆ ಇದಕ್ಕಿಂತ ಒಳ್ಳೆಯ ಊರು ಯಾವುದು? ಮೊದಲು ಪೇಟೆಯಲ್ಲಿ ಔಷಧಾಲಯ. ಬಳಿಕ 1894ರಲ್ಲಿ ದೊಡ್ಡ ಆಸ್ಪತ್ರೆ. ಕಟ್ಟಡಕ್ಕೆ ಹಣ ಕೊಟ್ಟವರು ಫಿಲಡೆಲ್ಫಿಯಾ ನಗರದ ಜಾನ್ ಕಾನ್ವರ್ಸ್. ಇವರು ಬಾಲ್ಡ್‌ವಿನ್ ಎಂಬ ರೈಲು ಎಂಜಿನ್ ಕಾರ್ಖಾನೆಯ ಒಡೆಯರಲ್ಲಿ ಒಬ್ಬರು. ಎಂಜಿನ್ ಮಾಡಿದವರ ಹಣದಿಂದ ಕಟ್ಟಿದ ಆಸ್ಪತ್ರೆಗೆ ರೋಗಿಗಳು ರೈಲಿನಲ್ಲೇ ಬಂದದ್ದು ಒಂದು ಸೋಜಿಗ. ಅದೇ 1894ರಲ್ಲಿ ಮಂಗಳೂರಿನಲ್ಲಿ ಕಿಟ್ಟೆಲ್ ಅವರ ಕನ್ನಡ ನಿಘಂಟು ಅಚ್ಚಾಯಿತು ಎಂಬುದನ್ನು ನನ್ನ ಕನ್ನಡದ ಓದುಗರು ಜೊತೆಗಿಟ್ಟು ನೆನೆಯಬಹುದು. ನಾಡಿನ ಒಂದು ತುದಿಯಲ್ಲಿ ಪರದೇಶಿಯೊಬ್ಬ ನಮ್ಮ ಮಾತುಗಳನ್ನು ಕೂಡಿಸುತ್ತಿದ್ದ. ಇನ್ನೊಂದು ತುದಿಯಾಚೆ ಮತ್ತೊಬ್ಬ ನಮ್ಮ ಎಲುಬುಗಳನ್ನು ಕೂಡಿಸುತ್ತಿದ್ದ.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಮುಂದಿನ ವರ್ಷಗಳಲ್ಲಿ ನಮ್ಮ ಸೀಮೆಗೂ ಹಬ್ಬಿತು. ಅದರ ಬೆನ್ನಿಗೆ 1899-1900ರ ಬರಗಾಲ. ಊರವರೆಲ್ಲ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕಥೆಗಳನ್ನು ನಮ್ಮ ಹಿರಿಯರಿಂದ ನಾವು ಕೇಳಿದ್ದೇವೆ. ಅಂಥ ದಿನಗಳಲ್ಲೇ, 1897ರಲ್ಲಿ, ವಾನ್ಲೆಸ್ ಮಿರಜದಲ್ಲಿ ವೈದ್ಯಕೀಯ ಶಾಲೆ ಆರಂಭಿಸಿ ಇಲ್ಲಿಯ ತರುಣರಿಗೆ ಕೆಲಸ ಕಲಿಸಿದರು. ಕುಷ್ಠರೋಗಿಗಳಿಗೆ ಆಶ್ರಯಧಾಮವಾಯಿತು. ಮುಂದೆ ಮಿರಜ-ಸಾಂಗಲಿಗಳ ನಡುವೆ ಕ್ಷಯರೋಗಿಗಳ ಆರೋಗ್ಯಧಾಮ ಆಯಿತು. ಅದರ ಸುತ್ತ ಬೆಳೆದ ವಸತಿಗೆ ವಾನ್ಲೆಸವಾಡಿ ಎಂದೇ ಹೆಸರು.

1906ರಲ್ಲಿ ಮೇರಿ ತೀರಿಕೊಂಡರು. ಇಪ್ಪತ್ತರ ಹರೆಯದ ಗಂಡನೊಡನೆ ಹಡಗು ಹತ್ತಿ ಬಂದು ಹದಿನೇಳು ವರ್ಷವಾಗಿತ್ತು. ವಾನ್ಲೆಸ್ ಮುಂದೆ ಮರುಮದುವೆಯಾದರು. 1928ರವರೆಗೂ ಇಲ್ಲಿಯೇ ದುಡಿದರು. ಅದೇ ವರ್ಷ 'ಸರ್' ಪದವಿ ಬಂದಿತು. ಅಮೆರಿಕಕ್ಕೆ ಮರಳಿ 1933ರಲ್ಲಿ ನಿಧನರಾದರು. ಪುಸ್ತಕಗಳಲ್ಲಿ ಅವರ ಶಸ್ತ್ರಚಿಕಿತ್ಸೆಗಳ ವಿವರವಿದೆ, ಬಿರುದುಗಳ ವಿವರವಿದೆ. ಮೇರಿಯ ಪಾಲಿಗೆ ಒಂದೆರಡು ಸಾಲು. ನಾನು ತರಗತಿಯಲ್ಲಿ ಎಷ್ಟೋ ವರ್ಷ ಹೀಗೆಯೇ ಕಲಿಸಿದೆ: ಕಟ್ಟಿದವರು ಇಂಥವರು, ಕಟ್ಟಿದ ಇಸವಿ ಇಂಥದು. ಆಸ್ಪತ್ರೆಗಿಂತ ಐದು ವರ್ಷ ಮೊದಲು ಒಂದು ಮನೆಯಿತ್ತು, ಆ ಮನೆ ನಿಲ್ಲದಿದ್ದರೆ ಆಸ್ಪತ್ರೆಯೂ ನಿಲ್ಲುತ್ತಿರಲಿಲ್ಲ ಎಂಬುದನ್ನು ಮಕ್ಕಳಿಗೆ ನಾನು ಹೇಳಲಿಲ್ಲ. ಇದು ನನ್ನ ಪಾಠದ ಲೋಪ. ಈಗ ಒಪ್ಪಿಕೊಳ್ಳುತ್ತೇನೆ.

ಇನ್ನು ನಮ್ಮ ಆಯಿಯ ಮಾತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಮಿರಜ ಮುಂಬಯಿ ರಾಜ್ಯದಲ್ಲುಳಿದು 1960ರಲ್ಲಿ ಮಹಾರಾಷ್ಟ್ರದ ಊರಾಯಿತು. ಆದರೂ ರಾಯಬಾಗ, ಅಥಣಿ, ಚಿಕ್ಕೋಡಿಯ ಜನರಿಗೆ 'ದೊಡ್ಡ ದವಾಖಾನಿ' ಎಂದರೆ ಮಿರಜವೇ. 1968ರ ಡಿಸೆಂಬರಿನಲ್ಲಿ ನಾನು ಮೂರನೆಯ ಇಯತ್ತೆಯಲ್ಲಿದ್ದೆ. ಆಯಿಯ ಎರಡೂ ಕಣ್ಣಿಗೆ ಪೊರೆ ಬಂದು ರೊಟ್ಟಿ ಬಡಿಯುವಾಗ ಹಂಚು ಕಾಣದೆ ಕೈ ಸುಟ್ಟುಕೊಂಡಿದ್ದಳು. ಅಪ್ಪ ಬಂಡಿ ಹೂಡಿ ನಮ್ಮನ್ನು ರಾಯಬಾಗ ಸ್ಟೇಶನ್ನಿಗೆ ಮುಟ್ಟಿಸಿದ. ಮೀಟರ್ ಗೇಜಿನ ಸಣ್ಣ ಗಾಡಿ. ಕುಡಚಿ ದಾಟಿದ ಮೇಲೆ ಕೃಷ್ಣೆಯ ಸೇತುವೆ ಬಂದಾಗ ಅಮ್ಮ ಕಿಟಕಿಯಿಂದ ಐದು ಪೈಸೆ ಎಸೆದು ಕೈಮುಗಿದದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಶಸ್ತ್ರಚಿಕಿತ್ಸೆಯಾದ ಮೇಲೆ ಕಣ್ಣಿಗೆ ಪಟ್ಟಿ ಕಟ್ಟಿ, ತಲೆ ಅಲುಗಿಸದೆ ದಿನಗಟ್ಟಲೆ ಮಲಗಬೇಕಿತ್ತು. ರೋಗಿಯ ಜೊತೆಯವರು ಹೊರಗೆ ಮೂರು ಕಲ್ಲಿಟ್ಟು ಅಡಿಗೆ ಮಾಡಿಕೊಳ್ಳುತ್ತಿದ್ದರು. ಅಮ್ಮ ಅಲ್ಲಿ ಎರಡು ವಾರದ ಸಂಸಾರ ಹೂಡಿದಳು. ನಮ್ಮ ಒಲೆಯ ಬದಿಗೆ ಅಥಣಿ ಕಡೆಯವರದೊಂದು ಒಲೆ, ಆಚೆಗೆ ಮರಾಠಿ ಕುಟುಂಬದ್ದೊಂದು. ಬೆಂಕಿ, ಉಪ್ಪು, ಚಟ್ನಿ ಕೈಬದಲಾಗುತ್ತಿದ್ದವು. ಆ ವರ್ಷ ಎಳ್ಳಮಾಸಿ ಡಿಸೆಂಬರ್ 19ರಂದು ಬಂದಿತು. ಹೊಲಕ್ಕೆ ಚರಗ ಚೆಲ್ಲಲು ಹೋಗಲಿಲ್ಲವಲ್ಲ ಎಂದು ಆಯಿ ಪಟ್ಟಿಯೊಳಗೇ ಕಣ್ಣೀರು ತಂದುಕೊಂಡಳು. ಅಳಬಾರದು, ಕಣ್ಣಿಗೆ ಅಪಾಯ ಎಂದು ನರ್ಸಬಾಯಿಯೊಬ್ಬಳು ಅವಳ ಕೈ ಹಿಡಿದು ಕುಳಿತಳು. ಆಕೆಗೆ ಕನ್ನಡ ಬಾರದು, ಆಯಿಗೆ ಮರಾಠಿ ಅಷ್ಟಕ್ಕಷ್ಟೆ. ಆಯಿ ಸಂಕಟವನ್ನೆಲ್ಲ ಕನ್ನಡದಲ್ಲೇ ಹೇಳಿಕೊಂಡಳು, ಆಕೆ ಕೇಳಿದಳು.

ಪಟ್ಟಿ ಬಿಚ್ಚಿದ ಸಂಜೆ ವರಾಂಡದಲ್ಲಿ ಕಾಗದದ ನಕ್ಷತ್ರಗಳನ್ನು ಕಟ್ಟುತ್ತಿದ್ದರು. ಆಯಿಗೆ ಎಲ್ಲವೂ ಮಸುಕುಮಸುಕಾಗಿ ಕಂಡಿರಬೇಕು. ಬಹಳ ಹೊತ್ತು ನೋಡಿ, "ಅಲ್ಲೇನೋ ಕೆಂಪಗ ಉರಿಯಾಕತ್ತೈತಿ, ಏನದು?" ಎಂದು ಕೇಳಿದಳು. ಕ್ರಿಸ್ತನು ಹುಟ್ಟಿದ ಹಬ್ಬವೆಂದು ನಾನು ಹೇಳಿದೆ. "ಬಾಣಂತಿ ಮನಿ ಮುಂದ ದೀಪ ಇಟ್ಟಾರ, ಚಲೋ ಆತು" ಎಂದಳು. ಗೋದಲಿಯ ಕಥೆಯನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಇರಲು ಮನೆ ಸಿಗದೆ ದನದ ಕೊಟ್ಟಿಗೆಯಲ್ಲಿ ಹೆತ್ತ ತಾಯಿಯ ಕಥೆ ಅದು ಎಂದು ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆಯಿ ಅನಂತರ ದಪ್ಪ ಗಾಜಿನ ಚಾಳೀಸು ಹಾಕಿಕೊಂಡು ಹನ್ನೊಂದು ವರ್ಷ ಬದುಕಿದಳು. ತನ್ನ ರೊಟ್ಟಿಯನ್ನು ತಾನೇ ಬಡಿದುಕೊಂಡಳು.

ಇಷ್ಟನ್ನು ಕೇಳಿ ಆ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಬಳಿಕ, "ಆ ಮೇರಿಯಮ್ಮನಿಗೆ ಮೊದಲ ವರ್ಷ ಅಳು ಬಂದಿರಬೇಕಲ್ಲವಾ ಸರ್?" ಎಂದಳು. ಮೂವತ್ತು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ನನಗೆ ಈ ಪ್ರಶ್ನೆ ಕೇಳಿರಲಿಲ್ಲ. ಉತ್ತರ ನನ್ನ ಹೆಂಡತಿ ಕೊಟ್ಟಳು: "ಬಂದಿರ್ತೈತವ್ವಾ. ನನಗೂ ಬಂದಿತ್ತು. ತವರಮನಿ ಬರೇ ಹತ್ತು ಹರದಾರಿ ಇತ್ತು, ಆದ್ರೂ ಬಂದಿತ್ತು."

ಎಳ್ಳಮಾಸಿಯ ದಿನ ಆ ಜೋಡಿಯನ್ನೂ ನಾವು ಹೊಲಕ್ಕೆ ಕರೆದುಕೊಂಡು ಹೋದೆವು. ಜೋಳದ ತೆನೆಗಳ ನಡುವೆ ಕುಳಿತು ಸಜ್ಜೆರೊಟ್ಟಿ, ಪುಂಡಿಪಲ್ಯ, ಶೇಂಗಾಹೋಳಿಗೆ ಉಂಡರು. ಕ್ರಿಸ್‌ಮಸ್ಸಿನ ಬೆಳಿಗ್ಗೆ ಅವರ ಮನೆಯಿಂದ ತಾಟಿನ ತುಂಬ ಕುಸ್ವಾರ್ ಬಂದಿತು. ಅದೇ ತಾಟಿನಲ್ಲಿ ಎಳ್ಳು ಬೆಲ್ಲ ಹಾಕಿ ಕಳಿಸಿದೆವು. ಬರಿದಾದ ತಾಟನ್ನು ತಿರುಗಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ನಕ್ಷತ್ರವನ್ನು ಅವರು ಜನವರಿಯಲ್ಲಿ ಬಿಚ್ಚಿದರು. ಬರುವ ವರ್ಷ ಅದನ್ನು ತಾವೇ ಕಟ್ಟುತ್ತೇವೆಂದು ಓಣಿಯ ಮಕ್ಕಳು ಈಗಾಗಲೇ ಹೇಳಿಟ್ಟಿದ್ದಾರೆ.