ವಾಶಿ ಸೇತುವೆಯ ಆಚೆ ಒಂದು ಬಾಳೆಗಿಡ: ವೈರಸ್ಸಿನ ಗುಟ್ಟು ವೈರಸ್ಸಿಗೇ ತಿರುಗಿದ ಇತಿಹಾಸ

ಲೋಕಲ್ ಗಾಡಿಯ ನೂಕುನುಗ್ಗಲಲ್ಲಿ ವಿಡಿಯೊ ನೋಡೋಕಾಗದವರಿಗೆ ಈ ಬರಹರೂಪ.

ಇವತ್ತು ಬಾಳೆಯ ಇತಿಹಾಸ. ಇಲ್ಲಿ ಅಂಗಡಿಯವನು 'ವೆಲಚಿ' ಅಂತ ಕೊಡೋದು ನಮ್ಮ ಏಲಕ್ಕಿ ಬಾಳೆ. ಅದು ನಿಮಗೆಲ್ಲ ಗೊತ್ತು. ಆದರೆ ವಾಶಿ ಸೇತುವೆ ದಾಟಿದರೆ ಸಿಗುವ ಟ್ರಾಂಬೆಯಲ್ಲಿ, ಅಣುಶಕ್ತಿಗೆ ಹೆಸರಾದ ಭಾಭಾ ಕೇಂದ್ರದಲ್ಲಿ, ಬಾಳೆಯ ಮೇಲೂ ದೊಡ್ಡ ಕೆಲಸ ನಡೆದಿದೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ.

ಮೊದಲು ರೋಗದ ಕಥೆ. ಹೆಸರು ಬಂಚಿ ಟಾಪ್. ಗಿಡದ ಎಲೆಗಳು ಸಣ್ಣಗಾಗಿ, ನೆಟ್ಟಗಾಗಿ, ತುದಿಯಲ್ಲಿ ಗೊಂಚಲು ಕಟ್ಟಿಕೊಳ್ತವೆ. ಎಳೆಯ ಗಿಡಕ್ಕೆ ತಗುಲಿದರೆ ಗೊನೆಯೇ ಬರೋದಿಲ್ಲ. ಮೊದಲು ದಾಖಲಾಗಿದ್ದು 1889ರಲ್ಲಿ, ಫಿಜಿಯಲ್ಲಿ. 1913ರಲ್ಲಿ ಆಸ್ಟ್ರೇಲಿಯಾದಲ್ಲಿ ಕಾಣಿಸಿಕೊಂಡು, 1920ರ ದಶಕದ ಹೊತ್ತಿಗೆ ಅಲ್ಲಿನ ಬಾಳೆ ತೋಟಗಳನ್ನ ನೆಲಕಚ್ಚಿಸಿತು. ಆಗ ಮ್ಯಾಗೀ ಅನ್ನುವ ವಿಜ್ಞಾನಿ ಇದು ವೈರಸ್ ರೋಗ, ಹರಡೋದು ಬಾಳೆಯ ಸಸ್ಯಹೇನು ಅಂತ ತೋರಿಸಿದರು. ಕಾಯಿಲೆ ಗಿಡ ಕಿತ್ತುಹಾಕು, ಶುದ್ಧ ಕಂದು ಮಾತ್ರ ನೆಡು ಅಂತ ಕಾನೂನು ಬಂತು. ಎಲ್ಲರೂ ಒಟ್ಟಿಗೆ ಪಾಲಿಸಿದ್ದರಿಂದ ಅಲ್ಲಿ ತೋಟಗಳು ಮತ್ತೆ ಎದ್ದವು.

ನಮ್ಮ ಕಡೆಗೆ ಇದು 1940ರ ಸುಮಾರಿಗೆ ಶ್ರೀಲಂಕಾದಿಂದ ಕೇರಳಕ್ಕೆ ಬಂತು. ತಮಿಳುನಾಡಿನ ಪಳನಿ ಬೆಟ್ಟಗಳ ವಿರೂಪಾಕ್ಷಿ ಬಾಳೆಗೆ ದೊಡ್ಡ ಪೆಟ್ಟು ಕೊಟ್ಟಿತು. ಯಾಕೆ ಇಷ್ಟು ಕಷ್ಟ ಅಂದ್ರೆ, ನಾವು ತಿನ್ನೋ ಬಾಳೆಗೆ ಬೀಜ ಇಲ್ಲ. ತಾಯಿಗಿಡದ ಕಂದನ್ನೇ ಕಿತ್ತು ನೆಡ್ತೀವಿ. ತಾಯಿಗೆ ಇರೋ ರೋಗ ಮಗುವಿಗೆ ಆಸ್ತಿಯ ಹಾಗೆ ಬರುತ್ತೆ. ಪೂರ್ತಿ ನಿರೋಧಕ ತಳಿ ಎಲ್ಲೂ ಸಿಕ್ಕಿಲ್ಲ. ಬೀಜವೇ ಇಲ್ಲದ ಗಿಡದಲ್ಲಿ ತಳಿಸಂಕರ ಮಾಡೋದೂ ಸುಲಭವಲ್ಲ.

ಈಗ ವೈರಸ್ ಒಳಗೆ ನೋಡೋಣ. ಬಂಚಿ ಟಾಪ್ ವೈರಸ್ಸಿನ ಜೀನೋಮ್ ಅಂದ್ರೆ ಆರು ಪುಟ್ಟ ಡಿಎನ್‌ಎ ಉಂಗುರಗಳು, ಒಂದೊಂದರಲ್ಲೂ ಸುಮಾರು 1,000 ಅಕ್ಷರ. ಅದರ ಹತ್ತಿರ ಡಿಎನ್‌ಎ ನಕಲು ಮಾಡೋ ಯಂತ್ರ ಇಲ್ಲ, ಅದು ಗಿಡದ್ದು. ವೈರಸ್ ತರೋದು 'ರೆಪ್' ಅನ್ನೋ ಒಂದು ಪ್ರೋಟೀನ್. ಅದು ಉಂಗುರದ ಒಂದು ನಿಶ್ಚಿತ ಜಾಗದಲ್ಲಿ ಕತ್ತರಿ ಹಾಕಿ, 'ನಕಲು ಇಲ್ಲಿಂದ ಶುರು ಮಾಡು' ಅಂತ ಗಿಡದ ಯಂತ್ರವನ್ನ ಹಚ್ಚುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಸರ್ವರ್ ಗಿಡದ್ದು, ಕರೆಂಟು ಗಿಡದ್ದು, ವೈರಸ್ಸಿನದು ಬರೀ ಒಂದು ಸ್ಟಾರ್ಟ್ ಕಮಾಂಡ್. ರೆಪ್ ಇಲ್ಲದೆ ಆರೂ ಉಂಗುರ ಸುಮ್ಮನೆ ಬಿದ್ದಿರ್ತವೆ.

ಹಾಗಾದ್ರೆ ಆ ಕಮಾಂಡನ್ನೇ ತಡೆದರೆ? ಈ ಯೋಚನೆ ಒಂದೇ ದಿನದಲ್ಲಿ ಬಂದಿದ್ದಲ್ಲ. 1986ರಲ್ಲಿ ಅಮೆರಿಕದ ರೋಜರ್ ಬೀಚಿ ಮತ್ತು ಜೊತೆಗಾರರು ತಂಬಾಕಿನ ವೈರಸ್ಸಿನ ಹೊದಿಕೆಯ ಜೀನನ್ನ ತಂಬಾಕು ಗಿಡಕ್ಕೇ ಸೇರಿಸಿದರು. ರೋಗ ತಡವಾಯ್ತು. 1990ರಲ್ಲಿ ಇನ್ನೊಂದು ತಂಡ ಅದೇ ವೈರಸ್ಸಿನ ನಕಲು ಪ್ರೋಟೀನಿನ ಒಂದು ತುಂಡಿನ ಜೀನ್ ಹಾಕಿತು. ಗಿಡ ಗಟ್ಟಿಯಾಗಿ ನಿಂತಿತು. ತಮಾಷೆ ಏನಪ್ಪಾ ಅಂದ್ರೆ, ಹುಡುಕಿದರೆ ಆ ಪ್ರೋಟೀನೇ ಗಿಡದಲ್ಲಿ ಕಾಣಲಿಲ್ಲ! ಪ್ರೋಟೀನ್ ಇಲ್ಲದೆ ಕಾವಲು ಕಾಯ್ತಿದ್ದವರು ಯಾರು?

ಉತ್ತರ ಸ್ಪಷ್ಟವಾಗೋಕೆ ಆ ದಶಕವೇ ಬೇಕಾಯ್ತು. ಕಾವಲುಗಾರ ಆರ್‌ಎನ್‌ಎ. ಗಿಡದ ಒಳಗೆ ಜೋಡಿ ಎಳೆಯ ಆರ್‌ಎನ್‌ಎ ಕಂಡರೆ ಗಿಡ ಅದನ್ನ ಸುಮಾರು 21 ಅಕ್ಷರದ ತುಂಡುಗಳಾಗಿ ಕತ್ತರಿಸಿಟ್ಟುಕೊಳ್ಳುತ್ತೆ. ಆಮೇಲೆ ಅದೇ ಸಾಲು ಇರೋ ಸಂದೇಶ ಎಲ್ಲಿ ಸಿಕ್ಕರೂ ಹರಿದು ಹಾಕುತ್ತೆ. ಆಂಟಿವೈರಸ್ ಸಾಫ್ಟ್‌ವೇರಿನ ಸಿಗ್ನೇಚರ್ ಇದ್ದ ಹಾಗೆ. 1999ರಲ್ಲಿ ಇಂಗ್ಲೆಂಡಿನ ಹ್ಯಾಮಿಲ್ಟನ್ ಮತ್ತು ಬೌಲ್ಕೋಂಬ್ ಈ ತುಂಡುಗಳನ್ನ ಗಿಡದಲ್ಲಿ ಹಿಡಿದು ತೋರಿಸಿದರು.

ಟ್ರಾಂಬೆಯ ಕಥೆ ಇಲ್ಲಿ ಬರುತ್ತೆ. 2012ರಲ್ಲಿ ಭಾಭಾ ಕೇಂದ್ರದ ಶೇಖಾವತ್, ಗಣಪತಿ ಮತ್ತು ಹಡಪದ ಒಂದು ಪ್ರಬಂಧ ಪ್ರಕಟಿಸಿದರು. ಹಡಪದ ಅನ್ನೋ ಹೆಸರು ಉತ್ತರ ಕರ್ನಾಟಕದವರ ಕಿವಿಗೆ ಹೊಸದಲ್ಲ. ಅವರು ಬಾಳೆಯ ಜೀವಕೋಶಕ್ಕೆ ರೆಪ್ ಜೀನಿನ ಸಾಲಿನಿಂದ ಮಾಡಿದ, ತನ್ನ ಮೇಲೆ ತಾನೇ ಮಡಚಿಕೊಳ್ಳುವ ಆರ್‌ಎನ್‌ಎಯ ಪಾಠ ಸೇರಿಸಿದರು. ಆ ಕೋಶಗಳಿಂದ ಗಿಡ ಬೆಳೆಸಿ, ವೈರಸ್ ಹೊತ್ತ ಸಸ್ಯಹೇನುಗಳನ್ನ ಬಿಟ್ಟರು. ಆರು ತಿಂಗಳಾದ್ರೂ ರೋಗದ ಲಕ್ಷಣ ಕಾಣಲಿಲ್ಲ. ಬಳಸಿದ ತಳಿ ರಸ್ತಾಳಿ, ಅಂದ್ರೆ ನಮ್ಮ ರಸಬಾಳೆಯ ಬಳಗ.

ಇಲ್ಲೊಂದು ಎಚ್ಚರ ಹೇಳಲೇಬೇಕು. ನಂಜನಗೂಡು ರಸಬಾಳೆಯನ್ನ ಸೊರಗಿಸಿದ್ದು ಈ ವೈರಸ್ ಅಲ್ಲ. ಅದು ಪನಾಮಾ ಸೊರಗು ರೋಗ, ಮಣ್ಣಿನ ಶಿಲೀಂಧ್ರ. ರೆಪ್ ತಡೆಯೋ ಗಿಡ ಅದನ್ನ ತಡೆಯಲ್ಲ. 'ಒಂದು ಜೀನ್ ಹಾಕಿದ್ರೆ ಬಾಳೆ ಬಚಾವ್' ಅಂತ ಫಾರ್ವರ್ಡ್ ಬಂದ್ರೆ ನಂಬಬೇಡಿ.

ಇನ್ನು ಉಳಿದದ್ದು ದೊಡ್ಡ ಪ್ರಶ್ನೆ. ಬ್ರೆಜಿಲ್ ಇದೇ ಉಪಾಯದ ಹುರುಳಿಕಾಯಿ ಜಾತಿಯ ಬೀನ್ಸಿಗೆ 2011ರಲ್ಲೇ ಒಪ್ಪಿಗೆ ಕೊಟ್ಟಿತು. ಗುರಿ ಅಲ್ಲೂ ರೆಪ್ ಜೀನ್, ಮಾಡಿದ್ದು ಅವರ ಸರ್ಕಾರಿ ಸಂಸ್ಥೆ ಎಂಬ್ರಾಪಾ. ನಮ್ಮಲ್ಲಿ 2010ರ ಫೆಬ್ರವರಿಯಲ್ಲಿ ಬಿಟಿ ಬದನೆಗೆ ತಡೆ ಬಿತ್ತು. ರೈತರು ವಾಣಿಜ್ಯವಾಗಿ ಬೆಳೆಯೋ ಕುಲಾಂತರಿ ಬೆಳೆ ಇವತ್ತಿಗೂ ಹತ್ತಿ ಒಂದೇ. ಆ ಅನುಮಾನಕ್ಕೆ ಕಾರಣ ಇಲ್ಲದೇ ಇಲ್ಲ. ಬೀಜ ಯಾರ ಕೈಯಲ್ಲಿ ಅನ್ನೋದು ನಿಜವಾದ ಪ್ರಶ್ನೆ. ಆದರೆ ನನ್ನ ಅಭಿಪ್ರಾಯ ಕೇಳಿದ್ರೆ, ಎಲ್ಲ ಕುಲಾಂತರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಇಲ್ಲಿ ಹೊಸ ವಿಷ ಇಲ್ಲ, ಹೊಸ ವೈರಸ್ ಪ್ರೋಟೀನೂ ಇಲ್ಲ. ಬೀಜವಿಲ್ಲದ ಬಾಳೆಯಿಂದ ಪಕ್ಕದ ತೋಟಕ್ಕೆ ಜೀನ್ ಹರಡೋ ಭಯವೂ ಕಡಿಮೆ. ಕೆಲಸ ಮಾಡಿದ್ದು ನಮ್ಮ ತೆರಿಗೆ ದುಡ್ಡಿನ ಪ್ರಯೋಗಾಲಯ. ಬೇಡ ಅನ್ನೋದಾದ್ರೂ ಹೊಲದಲ್ಲಿ ಪರೀಕ್ಷೆ ಮಾಡಿ, ಲೆಕ್ಕ ನೋಡಿ ಬೇಡ ಅನ್ನೋಣ.

ಅಲ್ಲಿಯವರೆಗೆ ಆಸ್ಟ್ರೇಲಿಯಾದ ಪಾಠವೇ ನಮಗೂ ಪಾಠ: ಶುದ್ಧ ಕಂದು ನೆಡೋದು, ಕಾಯಿಲೆ ಗಿಡ ಕೀಳೋದು, ಮತ್ತು ಪಕ್ಕದ ತೋಟದವನೂ ಅದನ್ನೇ ಮಾಡೋದು. ಊರಲ್ಲಿ ಬಾಳೆ ತೋಟ ಇರೋರು ಈ ಭಾನುವಾರ ಅಪ್ಪನಿಗೋ ಅಣ್ಣನಿಗೋ ಫೋನ್ ಮಾಡಿದಾಗ ಕಂದು ಎಲ್ಲಿಂದ ತಂದ್ರಿ ಅಂತ ಒಂದು ಮಾತು ಕೇಳಿ. ಮುಂದಿನ ಕಂತಿನಲ್ಲಿ ಸಿಗೋಣ.