ಬದುವಿನ ಮೂರು ಬೀಜಗಳು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಕೂಡಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿನ ಕಡಲೆಕಾಯಿ ಹೊಲ, ಬದುವಿನ ಹರಳುಗಿಡ, ಬೇಲಿಯ ಗುಲಗಂಜಿ ಬಳ್ಳಿ ನನ್ನ ಶಿಷ್ಯರಿಗೆಲ್ಲ ಪರಿಚಿತವೇ. ರೋಗನಿರೋಧಕ ಶಕ್ತಿಯ ಗುಟ್ಟನ್ನು ಅರಿಯಲು ಜಗತ್ತಿಗೆ ನೆರವಾದವುಗಳಲ್ಲಿ ಈ ಮೂರು ಬೀಜಗಳೂ ಇವೆಯೆಂದು ನಾನು ತರಗತಿಯಲ್ಲಿ ಹೇಳಲಿಲ್ಲ. ಆ ಬಾಕಿಯನ್ನು ಇಂದು ತೀರಿಸುತ್ತಿದ್ದೇನೆ.

1888ರಲ್ಲಿ, ಇಂದಿನ ಎಸ್ಟೋನಿಯಾದ ಟಾರ್ಟು ನಗರದಲ್ಲಿ ಹರ್ಮನ್ ಸ್ಟಿಲ್‌ಮಾರ್ಕ್ ಹರಳುಬೀಜದಿಂದ ರಿಸಿನ್ ಎಂಬ ವಿಷವನ್ನು ಬೇರ್ಪಡಿಸಿದನು. 1891ರಲ್ಲಿ ಬರ್ಲಿನ್ನಿನ ಪಾಲ್ ಎರ್ಲಿಕ್ ಇಲಿಗಳಿಗೆ ಆ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ತಿನ್ನಿಸುತ್ತ, ಕ್ರಮೇಣ ಹೆಚ್ಚಿಸುತ್ತ ಹೋದನು. ಅವು ಕೊನೆಗೆ ಮಾರಕ ಪ್ರಮಾಣವನ್ನೂ ತಾಳಿಕೊಂಡವು. ಆದರೆ ರಿಸಿನ್ನನ್ನು ಗೆದ್ದ ಇಲಿಗೆ ಗುಲಗಂಜಿಯ ಅಬ್ರಿನ್ ವಿಷದಿಂದ ರಕ್ಷಣೆ ದೊರೆಯಲಿಲ್ಲ. ದೇಹವು ಒಂದೊಂದು ಶತ್ರುವನ್ನೂ ಪ್ರತ್ಯೇಕವಾಗಿ ಗುರುತಿಸುತ್ತದೆಂಬುದು ಹೀಗೆ ಸ್ಪಷ್ಟವಾಯಿತು.

ಮುಂದೆ ಕಡಲೆಕಾಯಿಯ ಸರದಿ. ಅದರಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನು, ರಕ್ಷಕ ಕಣಗಳು ಬಲಿಯುವ ಥೈಮಸ್ ಗ್ರಂಥಿಯಲ್ಲಿ ಎಳೆಯ ಕಣಗಳಿಗೇ ಹೆಚ್ಚಾಗಿ ಅಂಟುತ್ತದೆ. ಇದನ್ನು ಬಳಸಿ ಇಸ್ರೇಲಿನ ನೇಥನ್ ಶರೋನ್ ಮತ್ತು ಸಂಗಡಿಗರು 1976ರಲ್ಲಿ ಇಲಿಯ ಎಳೆಯ ಕಣಗಳನ್ನೂ ಬಲಿತ ಕಣಗಳನ್ನೂ ಬೇರ್ಪಡಿಸಿದರು. ಅದೇ ಪ್ರೋಟೀನಿನ ರಚನೆಯನ್ನು 1994ರಲ್ಲಿ ಬಿಡಿಸಿ ತೋರಿಸಿದವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್, ಅವಧೇಶ ಸುರೋಲಿಯಾ ಮತ್ತು ಸಂಗಡಿಗರು.

ಇದನ್ನೋದಿ ಯಾರೂ ಹರಳುಬೀಜವನ್ನಾಗಲಿ ಗುಲಗಂಜಿಯನ್ನಾಗಲಿ ಮದ್ದೆಂದು ಬಾಯಿಗಿಡಬಾರದು, ಎರಡೂ ಪ್ರಾಣಾಂತಕ. ಮಕ್ಕಳ ಕೈಗೂ ಸಿಗದಂತೆ ನೋಡಿಕೊಳ್ಳಿ. ಆದರೆ ನಮ್ಮದು ಬರಡು ಸೀಮೆಯೆಂದು ಹಳಿಯುವವರಿಗೆ ಈ ಕಥೆಯನ್ನು ತಪ್ಪದೆ ಹೇಳಿರಿ.