ಸೂರಿನಡಿಯ ಬಚ್ಚಲು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಹಳೆಯ ಹೆಂಚಿನ ಮನೆಯನ್ನು ರಿಪೇರಿಗೆ ಎತ್ತಿಕೊಂಡವರು ಮೊದಲು ಕೈ ಹಾಕುವುದು ಬಚ್ಚಲಿಗೆ. ಸೂರು ತಲೆಗೆ ತಾಗುತ್ತದೆ, ಕತ್ತಲು, ಇಕ್ಕಟ್ಟು ಎನ್ನುತ್ತಾರೆ. ಉಳಿದ ಕೋಣೆಗಳೆಲ್ಲ ಮುಗಿದ ಮೇಲೆ ಮಿಕ್ಕಿದ ಮೂಲೆಯನ್ನು ಹಿಂದಿನವರು ಸ್ನಾನಕ್ಕೆ ಬಿಟ್ಟರು ಎಂಬ ತೀರ್ಮಾನವೂ ಅದರ ಹಿಂದೆಯೇ ಬರುತ್ತದೆ. ಈ ತೀರ್ಮಾನ ನನಗೆ ಒಪ್ಪಿಗೆಯಿಲ್ಲ. ಇಳಿಜಾರಿನ ತಗ್ಗಿನ ತುದಿಗೆ ಬಚ್ಚಲು ಹೋದದ್ದರಲ್ಲಿ ಬೆಂಕಿ, ನೀರು, ಮೈಯ ಭಂಗಿ ಮೂರರ ಲೆಕ್ಕವೂ ಇತ್ತು.

ಈ ಕಡೆ ಮಣ್ಣಿನ ಮಾಳಿಗೆ ಮನೆಗಳೂ ಇದ್ದವು. ಅವುಗಳ ಕಥೆ ಬೇರೆ. ಹೆಂಚಿನ ಮನೆಯ ಚಾವಣಿ, ಅದು ಕುಂಬಾರರ ನಾಡಹೆಂಚಿನದಾಗಲಿ, 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ ಊರೂರಿಗೆ ಹಬ್ಬಿದ ಮಂಗಳೂರು ಹೆಂಚಿನದಾಗಲಿ, ನಡುಮನೆಯ ಮೇಲೆ ಎತ್ತರಕ್ಕೇರಿ ಹಿತ್ತಲ ಕಡೆಗೆ ಇಳಿಯುತ್ತಿತ್ತು. ಮಳೆನೀರು ಹೆಂಚಿನ ಸಂದಿಯಲ್ಲಿ ನುಗ್ಗಬಾರದೆಂದರೆ ಆ ಇಳಿಜಾರು ಬೇಕೇ ಬೇಕು. ಹಿಂದಿನ ಗೋಡೆ ಗಿಡ್ಡವಾಗುವುದೂ ತಪ್ಪದು. ಆ ಗೋಡೆಯ ಪಕ್ಕಕ್ಕೆ ಒಗ್ಗುವುದು ಕೂತು ಮಾಡುವ ಕೆಲಸ. ಸ್ನಾನ ಆಗ ಮಣೆಯ ಮೇಲೋ ಕಲ್ಲಿನ ಮೇಲೋ ಕೂತು ಮಾಡುವಂಥದ್ದೇ ಆಗಿತ್ತು. ಅಚ್ಚುಕಟ್ಟಾಗಿ ಕಟ್ಟಿದ ಬಚ್ಚಲಿನಲ್ಲಿ ಹಂಡೆ ಒಳಗೋಡೆಯ ಕಡೆ, ಚಾವಣಿ ಎತ್ತರವಿರುವಲ್ಲಿ, ಮಣ್ಣಿನ ಒಲೆಯೊಳಗೆ ಹೂತು ಕತ್ತು ಮಾತ್ರ ಹೊರಗೆ ಕಾಣುವಂತೆ ಇರುತ್ತಿತ್ತು. ನೀರು ಹೊಯ್ಯುವವರು ನಿಲ್ಲುವುದು ಅಲ್ಲಿ, ಹೊಯ್ಸಿಕೊಳ್ಳುವವರು ಕೂರುವುದು ಸೂರಿನ ಕಡೆ. ಒಲೆಯ ಉರಿಗೂ ಸೂರಿನ ರೀಪಿಗೂ ನಡುವೆ ಅಂತರ ಉಳಿಯುತ್ತಿತ್ತು. ಈ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ. ಕಾಲಡಿಗೆ ಹಾಸಿದ ಚಪ್ಪಡಿ ಚಾವಣಿ ಬಾಗಿದ ದಿಕ್ಕಿಗೇ ತುಸು ಬಾಗಿರುತ್ತಿತ್ತು. ನೀರು ಗಿಡ್ಡಗೋಡೆಯ ತೂಬಿನಿಂದ ಹೊರಬಿದ್ದು ಹಿತ್ತಲ ಬಾಳೆಗೆ, ಕೆಸುವಿನ ಮಡಿಗೆ ಹರಿಯುತ್ತಿತ್ತು. ಒಲೆಗೆ ತೆಂಗಿನ ಮಟ್ಟೆ, ಗರಿ. ರೇಷ್ಮೆ ಸಾಕುವವರ ಮನೆಯಲ್ಲಿ ಹುಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ. ಮಿಕ್ಕಿದ ಮೂಲೆಯಾಗಿದ್ದರೆ ಇಷ್ಟೊಂದು ಹೊಂದಾಣಿಕೆ ಎಲ್ಲಿಂದ ಬರುತ್ತಿತ್ತು? ದೀಪಾವಳಿಯ ನೀರು ತುಂಬುವ ಹಬ್ಬವನ್ನೇ ನೋಡಿ. ಅಂದು ಬಚ್ಚಲಿಗೆ ಸುಣ್ಣ, ಹುಣಿಸೆಹಣ್ಣಿನಲ್ಲಿ ಉಜ್ಜಿದ ಹಂಡೆಗೆ ಸುಣ್ಣ-ಕೆಮ್ಮಣ್ಣಿನ ಪಟ್ಟೆ, ಕತ್ತಿಗೆ ಹಾಗಲಬಳ್ಳಿ, ಮುಂದೆ ಪೂಜೆ. ಕಡೆಗಣಿಸಿದ ಜಾಗಕ್ಕೆ ಯಾರೂ ಹೀಗೆ ಹಬ್ಬ ಮಾಡುವುದಿಲ್ಲ.

ಇದು ಹಳೆಯದರ ವ್ಯಾಮೋಹ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ತೂಕವಿದೆ. ನಸುಕಿಗೇ ಎದ್ದು ಒಲೆ ಊದಿ ಕಣ್ಣು ಕೆಂಪಗೆ ಮಾಡಿಕೊಂಡವರು ಹೆಂಗಸರು. ಬಡವರಿಗೆ ಈ ಬಚ್ಚಲೂ ಇರಲಿಲ್ಲ. ಹಿತ್ತಲಲ್ಲೊಂದು ಕಲ್ಲು, ಸುತ್ತ ತೆಂಗಿನಗರಿಯ ಮರೆ, ಅಷ್ಟೇ. ಕಕ್ಕಸನ್ನು ಮನೆಯಿಂದ ದೂರ ಇಟ್ಟ ಮಡಿಯ ಕಟ್ಟಳೆಯ ಹಿಂದೆ ಅದನ್ನು ಬಳಿಯಬೇಕಾದ ಜಾತಿಗಳ ಮೇಲಿನ ಕ್ರೌರ್ಯವಿತ್ತು. ಇವುಗಳಲ್ಲಿ ಒಂದನ್ನೂ ನಾನು ಸಮರ್ಥಿಸಲಾರೆ. ಆದರೆ ಈ ಅನ್ಯಾಯಗಳಿಗೆ ಸೂರಿನ ಇಳಿಜಾರು ಹೊಣೆಯಲ್ಲ. ಒಲೆಯನ್ನು ತೆಗೆಯಬೇಕು, ಕಕ್ಕಸನ್ನು ಒಳಗೆ ತರಬೇಕು, ನಿಜ. ಅದಕ್ಕಾಗಿ ಚಾವಣಿಯನ್ನು ಕೆಡವಬೇಕಿಲ್ಲ.

ಬಚ್ಚಲನ್ನು ಇಕ್ಕಟ್ಟು ಮಾಡಿದ್ದು ನಮ್ಮ ಬದಲಾದ ಭಂಗಿ. ಷವರ್ ಬಂತು, ಕೂತವರು ನಿಂತರು. ನಿಂತೊಡನೆ ಸೂರು ತಗ್ಗಾಗಿ ಕಂಡಿತು. ಗೀಸರ್ ಬಂದಾಗ ಹೊಗೆ ಹೋಯಿತು. ಅದರಿಂದ ಕಣ್ಣಿಗೂ ಎದೆಗೂ ಒಳ್ಳೆಯದಾಯಿತು, ಮರಕ್ಕೆ ಅಷ್ಟಾಗಿ ಆಗಲಿಲ್ಲ. ಹೊಗೆ ರೀಪು-ತೊಲೆಗಳನ್ನು ಒಣಗಿಸಿ ಹುಳು ಹಿಡಿಯದಂತೆ ಕಾಯುತ್ತಿತ್ತು. ಈಗ ಉಳಿದಿರುವುದು ಹಬೆ ಮಾತ್ರ. ಅದು ಮೊದಲು ಹೆಂಚಿನ ಸಂದಿಯಿಂದ ತಾನೇ ಹೋಗುತ್ತಿತ್ತು, ಕೆಳಗೆ ಪಿ.ವಿ.ಸಿ. ಸೀಲಿಂಗ್ ಹೊಡೆದರೆ ಒಳಗೇ ನಿಂತು ಮರ ಕೊಳೆಸುತ್ತದೆ. ಚಾವಣಿ ಹಾಳಾಯಿತೆಂದು ಆಮೇಲೆ ಹೆಂಚನ್ನು ದೂರುತ್ತಾರೆ.

ಆದ್ದರಿಂದ ಇಂಥ ಕೋಣೆಯಲ್ಲಿ ಬಾತ್‌ರೂಮ್ ಮಾಡುವವರು ಹಳೆಯ ಲೆಕ್ಕವನ್ನೇ ಹೊಸ ಸಾಮಾನಿಗೆ ಹಾಕಲಿ. ನಿಲ್ಲಬೇಕಾದ ಷವರ್, ವಾಷ್ ಬೇಸಿನ್ ಎರಡೂ ಎತ್ತರದ ಗೋಡೆಗೆ. ಕೂರುವ ಕಮೋಡ್ ಇಳಿಜಾರಿನ ಕೆಳಗೆ. ಆದರೆ ಎದ್ದು ನಿಲ್ಲುವ ಜಾಗ, ಎಂದರೆ ಅದರ ಮುಂದಿನ ಎರಡಡಿ, ತಲೆ ತಾಗದಷ್ಟು ಎತ್ತರವಿದೆಯೇ ಎಂದು ಮೊದಲೇ ಅಳೆಯಬೇಕು. ಬಕೆಟ್, ಒಗೆಯುವ ಕಲ್ಲು, ನಲ್ಲಿ ತೀರ ತಗ್ಗಿನ ಮೂಲೆಗೆ. ನೆಲದ ಇಳಿಜಾರು ಮೋರಿಯ ಕಡೆಗೆ ಅಡಿಗೆ ಕಾಲು ಅಂಗುಲವಾದರೂ ಇರಲಿ. ಮೇಲೆ ಒಂದೆರಡು ಗಾಜಿನ ಹೆಂಚು ಕೂರಿಸಿದರೆ ಕತ್ತಲಿನ ದೂರು ನಿಲ್ಲುತ್ತದೆ; ಎತ್ತರದ ಗೋಡೆಯ ನೆತ್ತಿಯಲ್ಲಿ ಹಬೆ ಹೋಗುವ ಕಿಂಡಿ ಬಿಡುವುದನ್ನು ಮಾತ್ರ ಮರೆಯಬೇಡಿ.